ಹಿಮ್ಮಡಿಯಿಲ್ಲದ ಕಾಲುಚೀಲ

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಏಳು ಗುಡಿಗಳ ವಿಚಾರ. ಆಮೇಲೆ ಕೇಳುವುದು, ಮಧ್ಯಾಹ್ನದ ಗಂಟೆ ಬಿದ್ದ ಕೂಡಲೇ ನೀವೆಲ್ಲ ಹೀಗೆ ಬೆಟ್ಟಕ್ಕೆ ಬೆನ್ನು ಮಾಡಿ ನಿಲ್ಲುವುದು ಯಾಕೆ ಎಂದು. ಮೊದಲನೆಯ ಪ್ರಶ್ನೆ ಕೇಳಿದವರ ಕಥೆ ಮುಗಿದಂತೆ. ಏಳು ಗುಡಿಗಳ ಚರಿತ್ರೆ ಕೇಳಿ ಮುಗಿಸುವಷ್ಟರಲ್ಲಿ ಅವರಿಗೆ ಎರಡು ಊಟ, ಮೂರು ಸಲ ಚಹಾ ನಮ್ಮಲ್ಲೇ ಆಗಿರುತ್ತದೆ. ಎರಡನೆಯದಕ್ಕೆ ಉತ್ತರ ಕೊಡುವ ಗೋಜಿಗೇ ನಾವು ಹೋಗುವುದಿಲ್ಲ. ಮುಚ್ಚಿಡುವಂಥದ್ದೇನೂ ಇಲ್ಲ. ಉಣ್ಣುವಾಗ ಬಾಯಿ ಯಾಕೆ ತೆರೆಯುತ್ತೀರಿ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು?

ಊರಿರುವುದು ಇಳಿಜಾರಿನಲ್ಲಿ. ಕೆಳಗಿನ ಹೆಬ್ಬಾಗಿಲಿನಿಂದ ಮೇಲೆ, ಬೆಟ್ಟ ದಾಟುವ ಕಣಿವೆಯ ಬುಡದವರೆಗೆ ಕಲ್ಲು ಹಾಸಿದ ಒಂದೇ ಬೀದಿ, ಎರಡೂ ಕಡೆ ಕೆತ್ತನೆಯ ಕಿಟಕಿಗಳ ಇಟ್ಟಿಗೆ ಮನೆಗಳು. ಹಿಂದೆ ಇಲ್ಲಿ ಏಳು ವ್ಯಾಪಾರಿ ಮನೆತನಗಳಿದ್ದವು. ತಾಮ್ರದ ಪಾತ್ರೆ, ಅಕ್ಕಿ, ನೂಲು ಹೇರಿಕೊಂಡು ಕಣಿವೆ ದಾಟಿ ಹೋಗುವುದು, ಆಚೆಯಿಂದ ಉಪ್ಪು, ಉಣ್ಣೆ ಹೇರಿಕೊಂಡು ಬರುವುದು. ಇದರಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಒಬ್ಬರ ಮೇಲೊಬ್ಬರು ಹಟಕ್ಕೆ ಬಿದ್ದು ಗುಡಿ ಕಟ್ಟಿಸಿದರು. ಕೆಳಗಡೆ ಇರುವುದು ಉಪ್ಪಿನಮ್ಮನ ಗುಡಿ. ಆಚೆಯಿಂದ ತಂದ ಕೆಂಪು ಕಲ್ಲುಪ್ಪಿನಲ್ಲೇ ಕೆತ್ತಿದ ದೇವಿ ಅವಳು. ಒದ್ದೆ ಬೆರಳಲ್ಲಿ ಅವಳ ಪಾದ ಮುಟ್ಟಿ ನಾಲಿಗೆಗೆ ಹಚ್ಚಿಕೊಳ್ಳುವುದೇ ಪ್ರಸಾದ. ನನ್ನ ಮುತ್ತಜ್ಜಿಯ ಕಾಲಕ್ಕೆ ಆಳೆತ್ತರ ಇದ್ದಳಂತೆ. ಈಗ ನನ್ನ ಮೊಣಕಾಲಿಗೆ ಬಂದಿದ್ದಾಳೆ. ಹನ್ನೆರಡು ವರ್ಷಕ್ಕೊಮ್ಮೆ ಹೊಸ ಉಪ್ಪು ಮೆತ್ತಿ ಅವಳಿಗೆ ಮುಖ ತಿದ್ದುತ್ತೇವೆ. ಅವಳ ಮೇಲಿನ ಗುಡಿ ಕಳ್ಳತೂಕದವರದು. ಸುಳ್ಳು ತೂಕದ ಬಟ್ಟು ಇಟ್ಟು ತೂಗಿ ಸಿಕ್ಕಿಬಿದ್ದ ಪೂರ್ವಜನೊಬ್ಬ ತಪ್ಪೊಪ್ಪಿಗೆಗೆ ಕಟ್ಟಿಸಿದ್ದು. ಬಾಗಿಲಲ್ಲಿ ಕೊರಳಿಗೆ ಆ ಬಟ್ಟು ಕಟ್ಟಿಕೊಂಡು ಅವನೇ ಕಲ್ಲಾಗಿ ಕೂತಿದ್ದಾನೆ. ಅವನ ವಂಶದವರಿಗೆ ಇದರಿಂದ ನಾಚಿಕೆಯಿಲ್ಲ, ಬಂದವರನ್ನು ಕೈ ಹಿಡಿದು ಎಳೆದು ತೋರಿಸುತ್ತಾರೆ. ಅಣ್ಣತಮ್ಮಂದಿರಿಬ್ಬರು ಜಗಳವಾಡಿ ಒಂದೇ ಗೋಡೆಗೆ ಆತು ಕಟ್ಟಿದ ಜೋಡಿ ಗುಡಿಗಳಿವೆ, ಇವತ್ತಿಗೂ ಅಲ್ಲಿನ ಪೂಜಾರಿಗಳಿಬ್ಬರು ಪೈಪೋಟಿಯಲ್ಲಿ ಗಂಟೆ ಬಾರಿಸಿ ಬೀದಿಯ ಕಿವಿ ಕೆಡಿಸುತ್ತಾರೆ. ಮುಂದಾಳು ಹೇಸರಗತ್ತೆಗೊಂದು ಗುಡಿ, ದಾರಿಯಲ್ಲಿ ಸತ್ತವರಿಗೊಂದು.

ಏಳನೆಯದು ಬೆನ್ನುಗುಡಿ. ಬೀದಿ ಮುಗಿದು ಕಣಿವೆಯ ಹಾದಿ ಶುರುವಾಗುವಲ್ಲಿ, ಎರಡು ಅಂತಸ್ತಿನ ಮಾಡು ಹೊತ್ತು ನಿಂತಿದೆ. ಒಳಗೆ ದೇವರಿಲ್ಲ. ಕಣಿವೆಯ ಕಡೆಯ ಗೋಡೆಯಲ್ಲಿ ಯಾವತ್ತೂ ತೆರೆಯದ ಒಂದು ಮರದ ಬಾಗಿಲು, ಅದರ ಮುಂದೆ ಕರಿಕಲ್ಲಿನ ಕಟ್ಟೆ, ಅಷ್ಟೆ. ಭಾಷೆ ಬಾರದ ಕಾಲದಲ್ಲಿ ಆಚೆಯವರು ಬಂದು ತಮ್ಮ ಮಾಲನ್ನು ಈ ಕಟ್ಟೆಯ ಮೇಲಿಟ್ಟು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರಂತೆ. ನಮ್ಮವರು ಅದನ್ನು ನೋಡಿ, ಒಪ್ಪಿದರೆ ತಮ್ಮದನ್ನಿಟ್ಟು ತಾವೂ ಬೆನ್ನು ತಿರುಗಿಸುವುದು. ತನ್ನ ಮಾಲನ್ನು ಇನ್ನೊಬ್ಬ ಮೂಸಿ ನೋಡುವಾಗಿನ ಮುಖ ಕಂಡರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅದಕ್ಕೇ ಬೆನ್ನು. ಮುನ್ನೂರು ವರ್ಷ ಇಲ್ಲಿ ಜಗಳವೇ ಆಗಲಿಲ್ಲ ಎಂದು ಹೊಸ್ತಿಲ ಕಲ್ಲಿನಲ್ಲಿ ಕೊರೆದಿದೆ. ಅದರ ಕೆಳಗೆ ಯಾರೋ ಸಣ್ಣಕ್ಷರದಲ್ಲಿ 'ಎರಡು ಸಲ ಬಿಟ್ಟು' ಎಂದು ಕೊರೆದಿದ್ದಾರೆ.

ನನಗೆ ಒಂಬತ್ತು ವರ್ಷವಾಗಿದ್ದಾಗ ಕಣಿವೆ ಮುಚ್ಚಿತು. ಹೇಗೆ ಮುಚ್ಚಿತು ಎನ್ನುವುದಕ್ಕೆ ನಮ್ಮಲ್ಲಿ ಏಳು ಕಥೆಗಳಿವೆ, ಗುಡಿಗೊಂದು. ಹೇಗೋ ಮುಚ್ಚಿತು, ಮತ್ತೆ ತೆರೆಯಲಿಲ್ಲ, ಆಚೆ ಹೋದವರು ಆಚೆಯೇ ಉಳಿದರು. ಮರುವರ್ಷ ಬೇಸಿಗೆಯಲ್ಲಿ, ಮಾಡಲು ಬೇರೆ ಕೆಲಸವಿಲ್ಲದ ಹಿರಿಯರು ಹಳೆಯ ಅಭ್ಯಾಸಕ್ಕೆ ಒಂದು ತಾಮ್ರದ ತಪ್ಪಲೆಯನ್ನು ಕಟ್ಟೆಯ ಮೇಲಿಟ್ಟು, ಮಧ್ಯಾಹ್ನದ ಗಂಟೆಗೆ ಬೆನ್ನು ತಿರುಗಿಸಿ, ಪದ್ಧತಿಯಂತೆ ನೂರೆಂಟು ಉಸಿರು ಎಣಿಸಿದರು. ತಿರುಗಿ ನೋಡಿದರೆ ತಪ್ಪಲೆಯಿಲ್ಲ, ಅದರ ಜಾಗದಲ್ಲಿ ಒಂದು ಗುಂಡು ಕೆಂಪುಪ್ಪು. ಬಾಗಿಲ ಚಿಲಕ ಹಾಕಿದಂತೆಯೇ ಇತ್ತು. ಬೇರೆ ಊರಿನವರಾಗಿದ್ದರೆ ಕಿರುಚಿಕೊಂಡು ಓಡುತ್ತಿದ್ದರೇನೋ. ನಮ್ಮವರು ವ್ಯಾಪಾರಿಗಳು. ಉಪ್ಪಿನ ಮೂಲೆ ಮುರಿದು ಬಾಯಿಗೆ ಹಾಕಿಕೊಂಡು, ಮಾಲು ಚೆನ್ನಾಗಿದೆ ಎಂದರು. ಮರುದಿನ ಇನ್ನೊಂದು ತಪ್ಪಲೆ ಇಟ್ಟರು.

ಅಂದಿನಿಂದ ಇದು ನಡೆದುಕೊಂಡು ಬಂದಿದೆ. ಗಂಟೆ ಬಿದ್ದಾಗ ಊರಿನವರೆಲ್ಲ ಎಲ್ಲಿದ್ದರೆ ಅಲ್ಲೇ ಬೆನ್ನು ತಿರುಗಿಸಬೇಕು. ಕ್ಷೌರದವನು ಕತ್ತಿ ಕೆಳಗಿಟ್ಟು ತಿರುಗುತ್ತಾನೆ, ಅರ್ಧ ಗಡ್ಡ ಹೋದ ಗಿರಾಕಿಯೂ ಎದ್ದು ತಿರುಗುತ್ತಾನೆ. ಮಧ್ಯಾಹ್ನಕ್ಕೆ ಯಾರೂ ಹಾಲು ಕಾಯಿಸಲು ಇಡುವುದಿಲ್ಲ. ನಮ್ಮೂರ ನಾಯಿಗಳು ಸಹ ಕೆಳಗಿನ ಊರಿಗೆ ಹೋದರೂ ಆ ಹೊತ್ತಿಗೆ ಬಾಲವನ್ನು ಬೆಟ್ಟದ ಕಡೆ ಮಾಡಿ ಕೂರುತ್ತವೆ. ಗುಡಿಗಳನ್ನು ಅಳೆದು ಬರೆಯಲು ಬಯಲುಸೀಮೆಯಿಂದ ಬಂದಿದ್ದ ಒಬ್ಬ ವಿದ್ವಾಂಸ ಒಮ್ಮೆ ಕುತೂಹಲ ತಡೆಯಲಾರದೆ ತಿರುಗಿ ನೋಡಿದ. ಅವನಿಗೆ ಕಂಡದ್ದು ನಮ್ಮ ಬೆನ್ನುಗಳು ಮಾತ್ರ. ಅಂದು ಇಟ್ಟದ್ದು ಇಟ್ಟಲ್ಲೇ ಇತ್ತು. ಈ ಊರಿನವರು ಮಧ್ಯಾಹ್ನದ ಪೂಜೆಯನ್ನು ಹಿಮ್ಮುಖವಾಗಿ ಮಾಡುತ್ತಾರೆ ಎಂದು ಬರೆದುಕೊಂಡು ಹೋದನಂತೆ. ಜೀವವಿರುವುದು ಕಟ್ಟೆಯಿಂದ ಹೋಗುವುದಿಲ್ಲ. ಬರೆದದ್ದೂ ಹೋಗುವುದಿಲ್ಲ, ಶುರುವಿನ ವರ್ಷಗಳಲ್ಲಿ ಜನ ಇಟ್ಟ ಕಾಗದಗಳೆಲ್ಲ ಬಿಸಿಲಿಗೆ ಹಳದಿಯಾಗಿ ಅಲ್ಲೇ ಬಿದ್ದಿದ್ದವು. ಅರೆಬರೆ ಸಾಮಾನು, ಒಡಕು ಸಾಮಾನು ಇಡಲೇಬಾರದು ಎಂಬುದು ಮೂರನೆಯ ಕಟ್ಟಳೆ. ಅದು ಕಟ್ಟೆಯ ಕಟ್ಟಳೆಯೋ ನಮ್ಮವರ ಜಂಬವೋ ಯಾರೂ ಪರೀಕ್ಷೆ ಮಾಡಿರಲಿಲ್ಲ. ಇಟ್ಟರೆ ಆಚೆಯವರು ಮುನಿದು ಕಟ್ಟೆ ನಿಲ್ಲಿಸಿಬಿಡುತ್ತಾರೆ ಎಂಬ ಹೆದರಿಕೆ.

ನನ್ನ ಹೆಸರು ಅಷ್ಟಮಾಯಾ. ಇಪ್ಪತ್ತೆರಡು ವರ್ಷದಿಂದ ಬೆನ್ನುಗುಡಿಯಲ್ಲಿ ಮಾಲು ನೋಡುವವಳು ನಾನೇ. ಕಟ್ಟೆಗೆ ಬಂದದ್ದನ್ನು ಮೊದಲು ಕೈಗೆತ್ತಿಕೊಂಡು, ತಿರುಗಿಸಿ, ಎಳೆದು, ಮೂಸಿ, ಊನ ಇದೆಯೇ ಇಲ್ಲವೇ ಹೇಳಬೇಕು. ಊನವಿದ್ದರೆ ಅದನ್ನು ಕಟ್ಟೆಯ ಮೇಲೆ ಬೋರಲು ಹಾಕಿಡುವುದು. ಮರುದಿನದ ಗಂಟೆಗೆ ಅದು ಹೊರಟುಹೋಗಿ, ನಮ್ಮದು ಹಿಂದಕ್ಕೆ ಬಂದಿರುತ್ತದೆ. ನನ್ನ ಕಣ್ಣು ತಪ್ಪಿಸಿ ಒಂದು ಕೂದಲೆಳೆ ಬಿರುಕೂ ಹೋದದ್ದಿಲ್ಲ. ಮದುವೆಯ ದಿನ ನನ್ನನ್ನೂ ಹೀಗೇ ತಿರುಗಿಸಿ ನೋಡಿದಳು ಎಂದು ನನ್ನ ಗಂಡ ಬದುಕಿದ್ದಷ್ಟು ದಿನವೂ ಬಂದವರ ಮುಂದೆ ಹೇಳುತ್ತಿದ್ದ. ಈ ಕೆಲಸಕ್ಕೆ ನಾನು ಮೇಲೆ ಬಿದ್ದು ಹೋದದ್ದು ಜಾಣ್ಮೆ ತೋರಿಸಲು ಎಂದು ಊರು ತಿಳಿದಿದೆ. ನಾನು ಹೋದದ್ದು ಸುನಕ್ಕನಿಗಾಗಿ.

ಸುನಕೇಶರಿ ನನ್ನ ಅಕ್ಕ, ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಎಡಚಿ. ನಮ್ಮೂರಿನಲ್ಲಿ ಹೆಣ್ಣುಮಕ್ಕಳು ನಾಲ್ಕು ಕಡ್ಡಿಯಲ್ಲಿ ಕಾಲುಚೀಲ ಹೆಣೆಯುವುದನ್ನು ನಡೆಯುವುದರ ಜೊತೆಯಲ್ಲೇ ಕಲಿಯುತ್ತಾರೆ. ಸುನಕ್ಕ ಎಡಗೈಯಲ್ಲಿ ಹೆಣೆದರೆ ಕುಣಿಕೆಗಳೆಲ್ಲ ಸಡಿಲವಾಗಿ ಎಡಕ್ಕೆ ವಾಲುತ್ತಿದ್ದವು. ಅಮ್ಮ ಅದನ್ನು ಹೇಗೋ ಸಹಿಸಿಕೊಂಡಳು. ಆದರೆ ಹಿಮ್ಮಡಿ ಮಾತ್ರ ಸುನಕ್ಕನ ಕೈಗೆ ಬರಲೇ ಇಲ್ಲ. ಕಾಲುಚೀಲವೆಂದರೆ ಸುತ್ತುತ್ತಾ ಹೋಗುವ ಕೆಲಸ. ಹಿಮ್ಮಡಿ ಬಂದಾಗ ಸುತ್ತುವುದನ್ನು ನಿಲ್ಲಿಸಿ, ಅರ್ಧ ಕುಣಿಕೆಗಳನ್ನು ಕಡ್ಡಿಯ ಮೇಲೆ ಸುಮ್ಮನೆ ಕೂರಿಸಿ, ಇನ್ನರ್ಧವನ್ನು ಹಿಂದೆ ಮುಂದೆ ಹೆಣೆದು ನಡುವಿಗೆ ಬಾಗಿಸಬೇಕು. ಅಲ್ಲಿಗೆ ಬಂದರೆ ಸುನಕ್ಕನ ಕೈ ಕಲ್ಲಾಗುತ್ತಿತ್ತು. ನನಗೆ ಏಳನೆಯ ವರ್ಷಕ್ಕೇ ಅದು ಬಂದುಬಿಟ್ಟಿತು, ಯಾಕೆಂದು ಕೇಳಬೇಡಿ. ಅವಳು ಹಿಮ್ಮಡಿಯವರೆಗೆ ಹೆಣೆದು, ಕಡ್ಡಿ ಸಮೇತ ಸೆರಗಿನಲ್ಲಿ ಅಡಗಿಸಿ ತಂದು, ಉಪ್ಪಿನಮ್ಮನ ಗುಡಿಯ ಹಿಂದೆ ನನ್ನ ಕೈಗಿಡುವಳು. ನಾನು ಬಾಗಿಸಿ ಕೊಡುವೆ. ಮುಂದಿನದನ್ನು ಅವಳು ಮುಗಿಸಿ ಅಮ್ಮನಿಗೆ ತೋರಿಸಿ ಹೊಗಳಿಸಿಕೊಳ್ಳುವಳು. ಲೋಕದಲ್ಲಿ ಇದು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ.

ಆಚೆಯ ಉಪ್ಪಿನವರ ಮನೆಗೆ ಅವಳನ್ನು ಕೊಟ್ಟರು. ಹಾಗೆ ಕೊಟ್ಟು ತರುವುದು ಆಗೆಲ್ಲ ಇತ್ತು. ದಿಬ್ಬಣವನ್ನು ಕಣಿವೆ ದಾಟಿಸಿ ಬಂದವರು ತೀರ್ಥಮಾನ ದೊಡ್ಡಪ್ಪ, ಹೇಸರಗತ್ತೆಯವರ ಮನೆಯವರು, ಆಗ ಮೂವತ್ತರ ಪ್ರಾಯ. ಚೈತ್ರಕ್ಕೆ ತವರಿಗೆ ಕರಕೊಂಡು ಬರುವ ಹೊಣೆ ನನ್ನದು ಎಂದು ಅಮ್ಮನಿಗೆ ಮಾತು ಕೊಟ್ಟಿದ್ದರು. ಆ ಚೈತ್ರಕ್ಕೆ ಮುಂಚೆಯೇ ಕಣಿವೆ ಮುಚ್ಚಿತು. ಹೊರಡುವ ದಿನ ಬೆನ್ನುಗುಡಿಯ ಮುಂದೆ ಎಲ್ಲರೂ ಅಳುತ್ತಿದ್ದಾಗ ಸುನಕ್ಕ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು.

"ಅಲ್ಲಿ ಹಿಮ್ಮಡಿ ಯಾರ ಹತ್ರ ಹಾಕಿಸ್ಲೇ?"

ನಾನು ನಕ್ಕುಬಿಟ್ಟಿದ್ದೆ.

ಕಟ್ಟೆಗೆ ಬರುವ ಸಾಮಾನಿನಲ್ಲಿ ಅವಳ ಗುರುತು ಏನಾದರೂ ಸಿಕ್ಕೀತು ಎಂದೇ ನಾನು ಮಾಲು ನೋಡುವ ಕೆಲಸ ಹಿಡಿದೆ. ಇಪ್ಪತ್ತೆರಡು ವರ್ಷ ಉಪ್ಪು ಬಂತು, ಉಣ್ಣೆ ಬಂತು, ಕುದುರೆಯ ಜೀನು, ಚಾಮರ, ಒಣಗಿಸಿದ ಗಿಣ್ಣು ಬಂತು. ಎಲ್ಲವನ್ನೂ ಊನಕ್ಕಾಗಿ ತಿರುಗಿಸುವ ನೆಪದಲ್ಲಿ ಅವಳಿಗಾಗಿ ತಿರುಗಿಸಿದೆ. ಏನೂ ಇರಲಿಲ್ಲ. ಬರಬರುತ್ತಾ ಒಂದು ವಿಚಿತ್ರವಾಯಿತು. ಹುಡುಕುವುದು ಮರೆತುಹೋಯಿತು, ಊನ ನೋಡುವುದು ಉಳಿಯಿತು. ಹೀಗಾದದ್ದು ಯಾವಾಗ ಎಂದು ನನಗೇ ತಿಳಿಯಲಿಲ್ಲ.

ಹೋದ ಕಾರ್ತೀಕದಲ್ಲಿ ಒಂದು ದಿನ, ನಾವಿಟ್ಟ ಹಿತ್ತಾಳೆ ದೀಪದ ಬದಲಿಗೆ ಕಟ್ಟೆಯ ಮೇಲೆ ಒಂದು ಕರಿ ಉಣ್ಣೆಯ ಕಾಲುಚೀಲ ಬಂದಿತ್ತು. ಕಾಲುಚೀಲ ಎನ್ನುವುದೂ ಹೆಚ್ಚು. ಕಣಕಾಲಿನವರೆಗೆ ಹೆಣೆದು ನಿಲ್ಲಿಸಿದ್ದು, ಕಡ್ಡಿಗಳು ಅದರಲ್ಲೇ ಇದ್ದವು, ಉಣ್ಣೆಯ ಉಂಡೆ ಜೋತುಬಿದ್ದಿತ್ತು. ಅಳತೆಯೂ ಚಿಕ್ಕದು, ಎಂಟೊಂಬತ್ತು ವರ್ಷದ ಮಗುವಿನ ಕಾಲಿಗಾಗುವಷ್ಟು. ನೆರೆದವರೆಲ್ಲ ನಕ್ಕರು. ಗುಡಿಯ ಗಂಟೆ ಬಾರಿಸುವವನ ಹೆಂಡತಿ ಹೀರಾಶೋಭಾ, ಬಾಯಿ ಸುಮ್ಮನಿರದ ಹೆಂಗಸು, ಆಚೆಯವರಿಗೆ ಹೆಣೆಯುತ್ತಾ ನಿದ್ದೆ ಬಂದಿರಬೇಕು ಎಂದಳು. ನಾನು ನಗಲಿಲ್ಲ, ಕೆಲಸ ಮಾಡಿದೆ. ಎತ್ತಿ, ಎಳೆದು, ಬೆಳಕಿಗೆ ಹಿಡಿದು ದೊಡ್ಡ ದನಿಯಲ್ಲಿ ಹೇಳಿದೆ: ಅರೆಬರೆ ಮಾಲು, ಹೆಣಿಗೆ ಸಡಿಲ, ಕುಣಿಕೆ ಎಡಕ್ಕೆ ವಾಲಿದೆ. ನನ್ನ ಬಾಯಿಂದಲೇ ಹೇಳಿದೆ. ಹೇಳಿ ಬೋರಲು ಹಾಕಿದೆ.

ಎರಡನೆಯ ದಿನ ಅದು ಹೋಯಿತು, ಮೂರನೆಯ ದಿನ ಮತ್ತೆ ಬಂತು. ಅದೇ ಕಾಲುಚೀಲ. ಈ ಸಲ ಉಂಡೆಯನ್ನು ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದರು. ಮತ್ತೆ ಬೋರಲು ಹಾಕಿದೆ. ಮೂರನೆಯ ಸಲವೂ ಬಂದಾಗ ಹಿರಿಯರಿಗೆ ಸಿಟ್ಟೇ ಬಂತು, ಇದೇನು ನಮ್ಮನ್ನು ಆಡಿಸುತ್ತಿದ್ದಾರೆಯೇ, ಬೋರಲು ಹಾಕು ಎಂದರು. ನನಗೂ ಸಿಟ್ಟು ಬಂದಿತ್ತು. ಬೋರಲು ಹಾಕುವಾಗ ಕೈಯಲ್ಲಿ ಸ್ವಲ್ಪ ಜೋರೂ ಇತ್ತು.

ಮರುದಿನ ಕಾಲುಚೀಲ ಹೋದದ್ದೇ, ಕಟ್ಟೆ ನಿಂತಿತು. ಇಟ್ಟದ್ದೆಲ್ಲ ಹಾಗೇ ಕೂತಿತು. ಒಂದು ದಿನ, ಎರಡು ದಿನ, ಹನ್ನೆರಡು ದಿನ. ಅಕ್ಕಿ ಇಟ್ಟರು, ಹೊಸ ತಾಮ್ರ ಇಟ್ಟರು, ಕಳ್ಳತೂಕದವರು ತಮ್ಮ ಮನೆಯ ಬೆಳ್ಳಿ ಕಲಶವನ್ನೇ ತಂದಿಟ್ಟರು. ನೂರೆಂಟು ಉಸಿರು ಎಣಿಸಿ ತಿರುಗಿದರೆ ಕಲಶ ನಮ್ಮನ್ನು ನೋಡುತ್ತಾ ಕೂತಿರುತ್ತಿತ್ತು. ಅದು ಬೇರೆ ಉಪ್ಪಿನಮ್ಮನಿಗೆ ಮುಖ ತಿದ್ದುವ ಹನ್ನೆರಡನೆಯ ವರ್ಷ. ಕೂಡಿಟ್ಟ ಉಪ್ಪೆಲ್ಲ ಕಳೆದ ಮಳೆಗೆ ನೀರೊಡೆದಿತ್ತು. ಹೊಸ ಉಪ್ಪು ಬರದಿದ್ದರೆ ದೇವಿ ಮುಖವಿಲ್ಲದೆ ಕೂರಬೇಕು. ಬೀದಿಯಲ್ಲಿ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಒಂದು ಕಾಲುಚೀಲ ತೆಗೆದುಕೊಂಡಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಎಂದು, ಬೋರಲು ಹಾಕು ಎಂದವರೇ ಈಗ ಹೇಳುತ್ತಿದ್ದರು.

ಹದಿಮೂರನೆಯ ದಿನ ಬೆಳಿಗ್ಗೆ ಹೀರಾಶೋಭಾ ನಮ್ಮ ಜಗಲಿಗೆ ಬಂದು ಕೂತಳು. ಅವಳ ಸೆರಗಿನಲ್ಲಿ ಗಂಡನಿಗೆ ಹೆಣೆಯುತ್ತಿದ್ದ ಕಾಲುಚೀಲವಿತ್ತು. ಊರಿನ ಸುದ್ದಿಯೆಲ್ಲ ಹೇಳಿ ಮುಗಿಸಿ, ಕಣ್ಣು ಮಬ್ಬಾಗಿದೆ ಅಕ್ಕಾ, ಹಿಮ್ಮಡಿ ಒಂದು ಹಾಕಿಕೊಡು ಎಂದು ಅದನ್ನು ಕಡ್ಡಿ ಸಮೇತ ನನ್ನ ಕೈಗಿಟ್ಟಳು. ನನ್ನ ಕೈ ತಾನಾಗಿಯೇ ಕುಣಿಕೆಗಳನ್ನು ಅರ್ಧಕ್ಕೆ ಪಾಲು ಮಾಡತೊಡಗಿತು. ನಾಲ್ಕು ಕುಣಿಕೆ ದಾಟಿರಬೇಕು, ಅಷ್ಟರಲ್ಲಿ ಕೈ ನಿಂತಿತು. ಕಡ್ಡಿ ಸಮೇತ, ಹಿಮ್ಮಡಿಯವರೆಗೆ ಹೆಣೆದ ಕಾಲುಚೀಲವನ್ನು ಒಬ್ಬರು ಇನ್ನೊಬ್ಬರ ಕೈಗೆ ಯಾಕೆ ಇಡುತ್ತಾರೆ? ಕೊಡಲು ಅಲ್ಲ, ಮಾರಲು ಅಲ್ಲ. ಎಡಕ್ಕೆ ವಾಲಿದೆ ಎಂದು ನಾನೇ ಕೂಗಿ ಹೇಳಿದ್ದೆ. ಒಂಬತ್ತು ವರ್ಷದ ಕಾಲಿನ ಅಳತೆ ಎಂದು ನಾನೇ ಕಂಡಿದ್ದೆ. ಅವಳು ಹೊರಟಾಗ ನನ್ನ ಕಾಲು ಅಷ್ಟೇ ಇತ್ತು.

ನಾನು ಅತ್ತುಬಿಟ್ಟೆ. ಹೀರಾಶೋಭಾಳಿಗೆ ಗಾಬರಿಯಾಗಿ, ಬೇಡ ಬಿಡು, ನಾನೇ ಹಾಕಿಕೊಳ್ಳುತ್ತೇನೆ ಎಂದಳು.

ನಲವತ್ತೊಂದು ವರ್ಷ ಕಾದು, ಅಕ್ಕ ಬಾಗಿಲಿಗೆ ಬಂದಾಗ ಮೂರು ಸಲ ಮುಖದ ಮೇಲೆ ಬಾಗಿಲು ಹಾಕಿದವಳು ನಾನು. ಆ ಕಾಲುಚೀಲ ಈಗ ನನ್ನ ಹತ್ತಿರ ಇರಲೂ ಇಲ್ಲ. ಮೂರು ಸಲ ತಿರಸ್ಕರಿಸಿದ ಮೇಲೆ ನಾಲ್ಕನೆಯ ಸಲ ಯಾರು ಕಳಿಸುತ್ತಾರೆ? ಕಾಗದ ಹೋಗದು, ಮಾತು ಹೋಗದು. ಅವಳು ಕೇಳಿದ್ದನ್ನು ಕೊಡುವುದೊಂದೇ ದಾರಿ. ಪೆಟ್ಟಿಗೆ ತೆರೆದು ಬಿಳಿ ಉಣ್ಣೆ ತೆಗೆದೆ, ಕರಿಯದರಲ್ಲಿ ಎದ್ದು ಕಾಣಲಿ ಎಂದು. ಬರೀ ಹಿಮ್ಮಡಿ ಹೆಣೆದೆ. ಮೇಲೆ ಕಾಲಿಲ್ಲ, ಮುಂದೆ ಪಾದವಿಲ್ಲ, ಸಣ್ಣ ಬಟ್ಟಲಿನಂಥ ಒಂದು ಚೂರು. ಸುತ್ತಲೂ ತೆರೆದ ಕುಣಿಕೆಗಳನ್ನು ಹಾಗೇ ಕಡ್ಡಿಗಳ ಮೇಲೆ ಬಿಟ್ಟೆ. ಹೇಗೆ ಬಾಗಿಸಿದ್ದೇನೆಂದು ಬಿಡಿಸಿ ನೋಡುವವರಿಗೆ ತಿಳಿಯಲಿ ಎಂದು ಸಾಲು ಸಾಲಾಗಿ, ನಿಧಾನವಾಗಿ, ಮಗುವಿಗೆ ಕಲಿಸುವಂತೆ ಹೆಣೆದೆ.

ಅದಕ್ಕಿಂತ ಅರೆಬರೆ ಸಾಮಾನು ನಮ್ಮೂರ ಚರಿತ್ರೆಯಲ್ಲೇ ಇರಲಿಲ್ಲ. ಕಟ್ಟೆಯ ಮೇಲೆ ಏನಿಡಬೇಕು ಎಂದು ಹೇಳುವ ಹಿರಿತನ ತೀರ್ಥಮಾನ ದೊಡ್ಡಪ್ಪನವರದು. ಎಪ್ಪತ್ತು ದಾಟಿ, ಕೋಲು ಹಿಡಿದು ಹೇಸರಗತ್ತೆಯ ಗುಡಿಯ ಜಗಲಿಯ ಮೇಲೆ ಬಿಸಿಲು ಕಾಯುತ್ತಿದ್ದರು. ಹಿಮ್ಮಡಿಯನ್ನು ಅವರ ಅಂಗೈಯಲ್ಲಿಟ್ಟು ಎಲ್ಲವನ್ನೂ ಹೇಳಿದೆ, ಉಪ್ಪಿನಮ್ಮನ ಗುಡಿಯ ಹಿಂದಿನ ಗುಟ್ಟಿನ ಸಮೇತ. ಅವರು ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ವ್ಯಾಪಾರಿಯ ಕೈ, ಊನ ಹುಡುಕದೆ ಇರುವುದು ಅದಕ್ಕೆ ಗೊತ್ತಿಲ್ಲ. ಇದನ್ನಿಟ್ಟ ಮೇಲೆ ಕಟ್ಟೆ ಶಾಶ್ವತವಾಗಿ ನಿಂತುಹೋದರೆ ಊರಿಗೆ ಏನು ಹೇಳಲಿ ಎಂದು ಕೇಳಿದರು. ಆಮೇಲೆ ಅವರು ಕಣಿವೆಯ ಕಡೆ ನೋಡಿದರು.

"ಅವಳನ್ನ ಆ ಮನೆ ಬಾಗಿಲಲ್ಲಿ ಬಿಟ್ಟು ಹೊರಟಾಗ, ಅಳ್ತಾ ನಿಂತಿದ್ಲು. ತಿರುಗಿ ನೋಡಿದ್ರೆ ನನ್ನ ಮನಸ್ಸು ಕರಗ್ತದೆ ಅಂತ ನಾನು ತಿರುಗಲೇ ಇಲ್ಲ. ಚೈತ್ರಕ್ಕೆ ಬರ್ತೀನಲ್ಲ ಅಂದ್ಕೊಂಡೆ."

ಹಿಮ್ಮಡಿಯನ್ನು ನನ್ನ ಕೈಗೆ ಮರಳಿಸಿದರು.

"ಇಡು ಮಗಳೇ," ಎಂದರು. "ಊರಿಗೆ ನಾನು ಹೇಳ್ತೀನಿ."

ಮಧ್ಯಾಹ್ನಕ್ಕೆ ಊರಿಗೆ ಊರೇ ಬೆನ್ನುಗುಡಿಯ ಮುಂದೆ ಸೇರಿತ್ತು. ಕರಿಕಲ್ಲಿನ ಮೇಲೆ ಆ ಬಿಳಿಯ ಚೂರನ್ನು ಇಟ್ಟಾಗ ಗೊಣಗಾಟ ಎದ್ದಿತು. ದೊಡ್ಡಪ್ಪ ಕೋಲನ್ನು ಒಮ್ಮೆ ನೆಲಕ್ಕೆ ಕುಟ್ಟಿ, ಎಲ್ಲರಿಗಿಂತ ಮೊದಲು ತಾವೇ ಬೆನ್ನು ತಿರುಗಿಸಿದರು. ಗಂಟೆ ಬಿತ್ತು. ಉಸಿರು ಎಣಿಸಲು ಶುರುಮಾಡಿ ಮೂವತ್ತರಲ್ಲಿ ನನಗೆ ಲೆಕ್ಕ ತಪ್ಪಿತು. ಪಕ್ಕದವರು ತಿರುಗಿದಾಗ ನಾನೂ ತಿರುಗಿದೆ. ಕಟ್ಟೆ ಖಾಲಿ ಇತ್ತು. ಹಿಮ್ಮಡಿ ಹೋಗಿತ್ತು, ಅದರ ಬದಲಿಗೆ ಏನೂ ಬಂದಿರಲಿಲ್ಲ.

ತೆಗೆದುಕೊಂಡು ಕೊಡದೆ ಇರುವುದು ಕಟ್ಟೆಯಲ್ಲಿ ಯಾವತ್ತೂ ಆಗಿರಲಿಲ್ಲ. ಹೊಸ್ತಿಲ ಕಲ್ಲಿನ 'ಎರಡು ಸಲ ಬಿಟ್ಟು' ಎಂಬುದನ್ನು ತಿದ್ದಿ ಮೂರು ಎಂದು ಕೊರೆಯಬೇಕು ಎಂದು ಯಾರೋ ಅಂದರು. ಊರೆಲ್ಲ ಮೋಸಹೋದ ಮುಖ ಮಾಡಿಕೊಂಡು ಮನೆಗೆ ಹೋಯಿತು. ನಾನು ಮಾತ್ರ ಆ ಖಾಲಿ ಕಟ್ಟೆಯ ಮುಂದೆಯೇ ನಿಂತೆ. ಅದು ಮೋಸವಲ್ಲ, ಕೈಯಲ್ಲಿ ಹಿಡಿದ ಕೆಲಸ ಇನ್ನೂ ಮುಗಿಯದವರ ಖಾಲಿ ಎಂದು ನನಗೆ ನಾನೇ ಹೇಳಿಕೊಂಡೆ. ನಾಲ್ಕನೆಯ ದಿನದ ಹೊತ್ತಿಗೆ ಆ ಧೈರ್ಯವೂ ಹೋಯಿತು. ಸುನಕ್ಕ ಇಲ್ಲವಾಗಿ, ಅವಳ ಪೆಟ್ಟಿಗೆ ಜಾಲಾಡಿದವರು ಆ ಹಳೆಯ ಕಾಲುಚೀಲವನ್ನು ಕಟ್ಟೆಗೆ ಎಸೆದಿದ್ದರೆ? ಕೇಳಿದವರೇ ಇಲ್ಲದ ಕಡೆಗೆ ನಾನು ಉತ್ತರ ಕಳಿಸಿದ್ದರೆ? ಯಾರು ಏನು ಅಂದರೂ ದಿನವೂ ಗಂಟೆಗೆ ಮುಂಚೆ ಹೋಗಿ ಕಟ್ಟೆ ಒರೆಸಿ, ಬೆನ್ನು ತಿರುಗಿಸಿ ನಿಂತೆ. ಐದನೆಯ ದಿನದಿಂದ ನನ್ನ ಜೊತೆ ನಿಲ್ಲುತ್ತಿದ್ದವರು ದೊಡ್ಡಪ್ಪ ಒಬ್ಬರೇ, ಗಂಟೆ ಬಾರಿಸುವವನ ಜೊತೆಗೆ ಬರುವ ಹೀರಾಶೋಭಾಳನ್ನು ಬಿಟ್ಟರೆ.

ಒಂಬತ್ತನೆಯ ದಿನ ನೂರೆಂಟು ಉಸಿರನ್ನೂ ತಪ್ಪದೆ ಎಣಿಸಿದೆ. ತಿರುಗಿದಾಗ ಕಟ್ಟೆಯ ಮೇಲೆ ಒಂದು ಕರಿ ಕಾಲುಚೀಲ ನಿಂತಿತ್ತು. ಮಲಗಿರಲಿಲ್ಲ, ನಿಂತಿತ್ತು, ಒಳಗೆ ಕೆಂಪುಪ್ಪು ತುಂಬಿದ್ದರು. ಹೀರಾಶೋಭಾ ಬೀದಿಗೆ ಓಡಿಹೋಗಿ ಕೂಗಿದಳು. ಕ್ಷೌರದವನು, ಕಳ್ಳತೂಕದವರು, ಜೋಡಿ ಗುಡಿಯ ಪೂಜಾರಿಗಳಿಬ್ಬರು, ಎಲ್ಲರೂ ಬಂದು ಸುತ್ತುವರಿದರು. ಉಪ್ಪನ್ನು ಬೊಗಸೆಗೆ ಸುರಿದೆವು, ಉಪ್ಪಿನಮ್ಮನ ಮುಖಕ್ಕೆ ಸಾಕಾಗುವಷ್ಟಿತ್ತು. ಆಮೇಲೆ ನಾನು ಕಾಲುಚೀಲವನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದೆ.

ಕಾಲಿನ ಭಾಗ ಸಡಿಲ, ಕುಣಿಕೆಗಳು ಎಡಕ್ಕೆ ವಾಲಿದ್ದವು. ಇದು ಪೆಟ್ಟಿಗೆಯಿಂದ ತೆಗೆದ ಹಳೆಯದಲ್ಲ, ಹೊಸದಾಗಿ ಹೆಣೆದದ್ದು, ಉಣ್ಣೆಯಲ್ಲಿ ಇನ್ನೂ ಕುರಿಯ ಜಿಡ್ಡಿನ ವಾಸನೆ ಇತ್ತು. ಹಿಮ್ಮಡಿಯೂ ಇತ್ತು. ನನ್ನ ಬಿಳಿ ಹಿಮ್ಮಡಿಯಲ್ಲ, ಅಲ್ಲೇ ಹೆಣೆದ ಕರಿಯ ಹಿಮ್ಮಡಿ. ಸೊಟ್ಟಗಿತ್ತು, ಮೂರು ಕಡೆ ತೂತು, ಆದರೆ ಬಾಗಿತ್ತು, ನಾನು ಬಾಗಿಸಿದಂತೆಯೇ ಸಾಲು ಸಾಲಾಗಿ ನಡುವಿಗೆ ಬಂದು ಬಾಗಿತ್ತು. ಅಲ್ಲಿನ ಕುಣಿಕೆಗಳು ಎಡಕ್ಕೆ ವಾಲಿರಲಿಲ್ಲ. ಬಿಗಿಯಾಗಿ, ನೆಟ್ಟಗೆ, ಉಸಿರು ಹಿಡಿದು ಹೆಣೆದ ಸಣ್ಣ ಕೈಯ ಕುಣಿಕೆಗಳು. ಪಾದದ ಹತ್ತಿರ ಮತ್ತೆ ಎಡಕ್ಕೆ ವಾಲಿದ್ದವು. ಒಂದು ಕಾಲುಚೀಲದಲ್ಲಿ ಎರಡು ಕೈಗಳು. ಸುನಕ್ಕ ಇದ್ದಾಳೆ. ಅವಳ ಪಕ್ಕದಲ್ಲಿ ಯಾರೋ ಒಬ್ಬಳು ಪುಟ್ಟವಳಿದ್ದಾಳೆ, ಮಗಳ ಮಗಳೋ ನೆರೆಮನೆಯವಳೋ, ಸೆರಗಿನಲ್ಲಿ ಅಡಗಿಸಿ ತಂದದ್ದಕ್ಕೆ ಹಿಮ್ಮಡಿ ಹಾಕಿಕೊಡುವವಳು. ಅಳತೆ ಅವಳದೋ, ನಲವತ್ತೊಂದು ವರ್ಷದ ಹಿಂದಿನ ನನ್ನದೋ, ಅದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.

ಊರು ನನ್ನ ಬಾಯಿ ನೋಡುತ್ತಿತ್ತು. ಮಾಲು ಹೇಗಿದೆ ಎಂದು ಹೇಳಬೇಕಾದವಳು ನಾನು. ಮೂರು ತೂತುಗಳ ಮೇಲೂ ಬೆರಳಾಡಿಸಿದೆ.

"ಊನ ಇಲ್ಲ," ಎಂದೆ.

ಕಳ್ಳತೂಕದವರಲ್ಲಿ ಒಬ್ಬ ಕೆಮ್ಮಿದ. ತೀರ್ಥಮಾನ ದೊಡ್ಡಪ್ಪ ಕೈ ಚಾಚಿದರು, ಕಾಲುಚೀಲ ಕೊಟ್ಟೆ. ಅವರು ಬಾಯಿಗೆ ಹಾಕಿಕೊಂಡಿದ್ದ ಉಪ್ಪಿನ ಹರಳನ್ನು ಚೀಪುತ್ತಾ ಅದನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು, ಒಳಗೆ ಕೈ ಹಾಕಿ ನೋಡಿದರು. ತೂತುಗಳನ್ನು ಕಂಡರು, ಕಾಣದ ಹಾಗೆ ಮುಂದೆ ಹೋದರು. ಆದರೆ ಮುನ್ನೂರು ವರ್ಷದ ಕಟ್ಟಳೆ ಅವರ ನಾಲಿಗೆಯ ತುದಿಯಲ್ಲಿತ್ತು.

"ಒಂದೇ ಇದೆಯಲ್ಲ ಮಗಳೇ," ಎಂದರು. "ಇದರ ಜೋಡಿ ಎಲ್ಲಿ?"

ಮೂರು ಸಲ ಬಂದು ಹೋದ ಆ ಕರಿ ಕಾಲುಚೀಲ, ಈಗ ನನ್ನ ಬಿಳಿ ಹಿಮ್ಮಡಿ ಸೇರಿಸಿಕೊಂಡು, ನನ್ನ ಕಣ್ಣ ಮುಂದೆ ಬಂತು.

"ಆಚೆ ಇದೆ ದೊಡ್ಡಪ್ಪ."

ಅವರು ಕಾಲುಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಹಿಂದಕ್ಕೆ ಕೊಟ್ಟರು.

"ಹಾಗಾದ್ರೆ ಪೂರ್ತಿ ಇದೆ," ಎಂದರು.